ಮಮದಾಪುರದ ಕೆರೆಯ ಪ್ರಾಣಿ

ಅಚ್ಚಿನ ಎರಡು ಹೋಳುಗಳ ನಡುವೆ ಚಾಕುವಿನ ಮೊನೆ ಇಟ್ಟು ಮೆಲ್ಲಗೆ ತಿರುವಿದಾಗ ಗೈಬುಸಾಬನಿಗೆ ಮೊದಲು ಕಂಡದ್ದು ಬಾಲ. ಬಾಲ ಸರಿಯಾಗಿ ಬಂದಿತ್ತು. ಹಸಿರು ತುದಿಯವರೆಗೂ ಹರಿದು ಅಲ್ಲಿ ಹಳದಿಯ ಜೊತೆ ಬೆರೆಯದೆ ನಿಂತಿತ್ತು. ಹೋದ ಸಲ ಎಲ್ಲ ಬಣ್ಣಗಳೂ ಒಂದರೊಳಗೊಂದು ಇಳಿದು ರಾಡಿಯ ಮುದ್ದೆಯಾಗಿತ್ತು. ಅದರ ಹಿಂದಿನ ಸಲ ಒಳಗೆ ಗಾಳಿ ಸಿಕ್ಕಿಕೊಂಡು ಮುಖವೇ ಇಲ್ಲದೆ ಹುಟ್ಟಿತ್ತು. ಈ ಸಲ ಅವನು ಒಂದೊಂದು ಬಣ್ಣವನ್ನೂ ಬೇರೆಬೇರೆ ಬಟ್ಟಲಲ್ಲಿ ಕಲಸಿ, ಒಂದು ಬಿಗಿಯುವ ತನಕ ಕಾದು, ಅದರ ಮೇಲೆ ಇನ್ನೊಂದನ್ನು ಕಡ್ಡಿಯಿಂದ ಇಳಿಬಿಟ್ಟಿದ್ದ. ವಿಜಾಪುರದ ಸ್ಟೇಷನ್ ರಸ್ತೆಯ ಹಲ್ಲಿನ ದವಾಖಾನೆಯ ಹಿಂದಿನ ಕೋಣೆ ಅದು. ಡಾಕ್ಟರ್ ಗುರುಪಾದಯ್ಯನವರು ಇನ್ನೂ ಬಂದಿರಲಿಲ್ಲ. ಹೊರಗೆ ರೈಲಿಗೆ ಹೋಗುವ ಟಾಂಗಾಗಳ ಸದ್ದು. ಗೋಡೆಗೆ ಹಾಕಿದ ಹಲಗೆಯ ಮೇಲೆ ಯಾರ್‍ಯಾರದೋ ದವಡೆಗಳ ಬಿಳಿ ಪ್ಲಾಸ್ಟರ್ ಅಚ್ಚುಗಳು ಸಾಲಾಗಿ ಬಾಯಿ ತೆರೆದು ಕೂತಿದ್ದವು. ಆ ಬಾಯಿಗಳಿಗೆ ಹಲ್ಲು ಕೂಡಿಸುವುದು ಅವನ ಕೆಲಸ. ಡಾಕ್ಟರು ಅಳತೆ ತೆಗೆದು ಒಳಗೆ ಕಳಿಸುತ್ತಿದ್ದರು, ಅವನು ಮೇಣದಲ್ಲಿ ಹಲ್ಲು ನಿಲ್ಲಿಸಿ, ಅಚ್ಚು ಕಟ್ಟಿ, ಎರಕ ಹೊಯ್ದು, ತಿಕ್ಕಿ ಹೊಳಪಿಸಿ ಹೊರಗೆ ಕಳಿಸುತ್ತಿದ್ದ. ರಬ್ಬರು ಮುಂಬಯಿಯಿಂದ ಬಂದದ್ದು. ಸಿಲಿಕೋನ್ ರಬ್ಬರು ಎಂದು ಡಬ್ಬದ ಮೇಲೆ ಬರೆದಿತ್ತು. ಬಾಯಿಯ ಸೂಕ್ಷ್ಮ ಅಳತೆಗೆಂದು ತರಿಸಿದ್ದು ತಾರೀಖು ದಾಟಿ ಕೂತಿತ್ತು. ಒಗೆದು ಬಿಡು ಅಂದಿದ್ದರು ಡಾಕ್ಟರು. ಅವನು ಒಗೆಯಲಿಲ್ಲ.

ಮೇಲಿನ ಹೋಳು ಬಿಟ್ಟುಕೊಂಡಿತು. ಪ್ರಾಣಿ ಅಂಗೈಯ ಮೇಲೆ ಬಂದು ಬಿತ್ತು. ಬೆರಳಿಂದ ಒತ್ತಿದರೆ ಒಳಗೆ ಹೋಗಿ ಮತ್ತೆ ಮೊದಲಿನಂತಾಗುವ ಮೈ. ಹಸಿರು ಬೆನ್ನು, ಅರಿಶಿಣದ ಹೊಟ್ಟೆ, ನೆತ್ತಿಯ ಮೇಲೆ ಕೆಂಪು ಜುಟ್ಟು, ನೀಲಿ ಕಣ್ಣು. ಎಲ್ಲ ಅವಳು ಹೇಳಿದ ಹಾಗೇ ಇತ್ತು. ಕಾಲುಗಳು ಮಾತ್ರ ಅವನವು. ನಾಲ್ಕು ಕಾಲು ಇಟ್ಟಿದ್ದ. ಮೇಣದಲ್ಲಿ ಕೆತ್ತುವಾಗಲೇ ಕೈ ತಡೆದಿತ್ತು. ಎರಡು ಇಟ್ಟು ನೋಡಿ, ಹಕ್ಕಿಯಂತೆ ಕಂಡಿತೆಂದು ಮತ್ತೆರಡು ಅಂಟಿಸಿದ್ದ. ಮಗಳು ಮದೀನಾ ಹೇಳಿದ್ದರಲ್ಲಿ ಕಾಲಿನ ಮಾತು ಇತ್ತೋ ಇಲ್ಲವೋ. ಇದ್ದೂ ಅವನು ಕೇಳಿಸಿಕೊಳ್ಳಲಿಲ್ಲವೋ. ಮಮದಾಪುರದ ಅಜ್ಜಿಯ ಮನೆಯಿಂದ ಬಂದವಳು ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದ್ದಳು. ಕೆರಿ ದಂಡ್ಯಾಗ ಒಂದು ಪ್ರಾಣಿ ಕುಂತಿತ್ತು ಅಬ್ಬಾ. ಬೆನ್ನ ಹಸರ. ಹೊಟ್ಟಿ ಅರಿಶಿಣ. ತಲಿ ಮ್ಯಾಲ ಕೆಂಪಂದು ಜುಟ್ಟ. ಕಣ್ಣ ನೀಲಿ. ನನ್ನ ನೋಡ್ತು, ಸುಮ್ಮನ ನೀರಾಗ ಹೋತು, ಸಪ್ಪಳಾನ ಆಗಲಿಲ್ಲ. ಅವನು ಆ ಸಂಜೆ ಯಾವನೋ ಸಾಹುಕಾರನ ಮೇಲ್ದವಡೆಯ ಹಲ್ಲಿನ ಸೆಟ್ಟನ್ನು ಮನೆಗೆ ತಂದು ಮರಳುಕಾಗದದಿಂದ ತಿಕ್ಕುತ್ತ ಕೂತಿದ್ದ. ಬೆರಳಿಗೆ ಒರಟು ಸಿಕ್ಕಿತ್ತು, ಮನಸ್ಸು ಅದರ ಮೇಲಿತ್ತು. ಅವಳ ಮಾತು ಕಿವಿಯಲ್ಲಿ ಬಿದ್ದದ್ದೇನೋ ನಿಜ. ಇಲ್ಲದಿದ್ದರೆ ಮುಂದೆ ನಾಲ್ಕೈದು ದಿನಕ್ಕೆ ದವಾಖಾನೆಯಲ್ಲಿ ಆ ಮಾತನ್ನು ತಾನೇ ಯಾಕೆ ತೆಗೆಯುತ್ತಿದ್ದ.

ಅವಳ ಹಾಲುಹಲ್ಲು ಅಲುಗಾಡುತ್ತಿತ್ತು, ಡಾಕ್ಟರು ಕರೆದುಕೊಂಡು ಬಾ ಅಂದಿದ್ದರು. ಅಷ್ಟು ದೊಡ್ಡ ಕುರ್ಚಿಯಲ್ಲಿ ಅಷ್ಟು ಸಣ್ಣ ಹುಡುಗಿ, ಎರಡೂ ಕೈಯಿಂದ ಫ್ರಾಕಿನ ಅಂಚು ಹಿಡಿದು. ಡಾಕ್ಟರಿಗೆ ಏನಾದರೂ ಹೇಳಬೇಕಿತ್ತು ಅವನಿಗೆ. ಪುಕ್ಕಟೆ ಕೀಳುತ್ತಿದ್ದಾರೆ, ಸುಮ್ಮನೆ ನಿಂತರೆ ಹೇಗೆ ಅನಿಸಿತ್ತು. “ಸರ, ನಮ್ಮಾಕಿ ಮಮದಾಪುರದ ಕೆರ್‍ಯಾಗ ಏನ ನೋಡ್ಯಾಳ ಕೇಳ್ರಿ,” ಅಂದ. ಅವಳು ಹೇಳಿದಳು, ಅದೇ ಮಾತುಗಳಲ್ಲಿ, ಅದೇ ಕ್ರಮದಲ್ಲಿ. ಬೆನ್ನು, ಹೊಟ್ಟೆ, ಜುಟ್ಟು. ಕಣ್ಣಿಗೆ ಬರುವಷ್ಟರಲ್ಲಿ ಡಾಕ್ಟರು ನಕ್ಕರು. ಬೆಂಚಿನ ಮೇಲೆ ಕೂತವರು ನಕ್ಕರು. ಅದಕ್ಕ ಕೋಡ ಇದ್ದಿಲ್ಲೇನವ್ವಾ ಅಂತ ಯಾರೋ ಕೇಳಿದರು, ಮತ್ತೆ ನಕ್ಕರು. ಗೈಬುಸಾಬನೂ ನಕ್ಕ. ಉಳಿದವರು ನಿಲ್ಲಿಸಿದ ಮೇಲೂ ತುಸು ಹೊತ್ತು ನಕ್ಕ, ಮಾಲೀಕರು ನಕ್ಕಾಗ ನಗುವವರು ನಗುವ ಹಾಗೆ. ಅವಳು ಅವನ ಕಡೆಗೆ ನೋಡಿದಳು. ಆ ನೋಟದಲ್ಲಿ ಏನಿತ್ತೆಂದು ಅವನು ಆಗ ಹುಡುಕಲಿಲ್ಲ. ಈಗ ಹುಡುಕಿದರೆ ಸಿಗುವುದು ಬಾಯಿಯೊಂದೇ, ಡಾಕ್ಟರು ಹೇಳಿದರೆಂದು ತೆರೆದ ಬಾಯಿ, ಕೆಳಗಿನ ಸಾಲಿನಲ್ಲಿ ವಾರೆಯಾದ ಹಲ್ಲು. ಆ ಚಳಿಗಾಲದಲ್ಲಿ ಅವಳಿಗೆ ಕೆಮ್ಮು, ಜ್ವರ ಬಂತು, ನೆತ್ತಿಗೇರಿತು, ದೊಡ್ಡ ದವಾಖಾನೆಗೆ ಹೋಗುವಷ್ಟರಲ್ಲಿ ಮಾತು ನಿಂತಿತ್ತು, ಆಮೇಲೆ ಉಸಿರೂ ನಿಂತಿತು. ಆ ನಗುವಿಗೂ ಆ ಜ್ವರಕ್ಕೂ ಏನೂ ಸಂಬಂಧ ಇರಲಿಲ್ಲ. ಇದನ್ನು ಅವನು ತನಗೆ ಎಷ್ಟೋ ಸಲ ಹೇಳಿಕೊಂಡಿದ್ದ. ಹೇಳಿಕೊಂಡಷ್ಟೂ ಸಂಬಂಧ ಬಿಗಿಯಾಗುತ್ತಿತ್ತು.

“ಏನ ಗೈಬೂ, ಏನ ಹಿಡಕೊಂಡ ನಿಂತೀ?”

ಡಾಕ್ಟರು ಬಂದದ್ದು ಗೊತ್ತಾಗಿರಲಿಲ್ಲ. ಅಡಗಿಸಲು ಹೋದರೆ ಇನ್ನೂ ಕೆಟ್ಟದಾಗಿ ಕಾಣುತ್ತದೆಂದು ಕೈ ಚಾಚಿದ. ಅವರು ತೆಗೆದುಕೊಂಡು ಬೆಳಕಿಗೆ ಹಿಡಿದರು, ಬಾಲ ಹಿಡಿದು ಜೋಲಾಡಿಸಿದರು. “ಆ ಹಳೇ ರಬ್ಬರೇನ ಇದು? ಭಾಳ ಛಲೋ ಬಂದೈತೆಲ್ಲೋ,” ಅಂದರು. ಒಳ್ಳೆಯ ಮನುಷ್ಯ. ಸಿಟ್ಟಿಗೇಳಲಿಲ್ಲ. ಸಿಟ್ಟಿಗೆದ್ದಿದ್ದರೆ ಗೈಬುಸಾಬನಿಗೆ ಹಗುರಾಗುತ್ತಿತ್ತು. ಅದನ್ನು ಹಿಡಿದುಕೊಂಡೇ ಹೊರಗಿನ ಕೋಣೆಗೆ ಹೋದರು. ಅವನೂ ಹಿಂದೆ ಹೋದ, ಹೋಗಬೇಕಾಯಿತು. ಕುರ್ಚಿಯಲ್ಲಿ ಬಸಗೊಂಡಪ್ಪನವರು ಕೂತಿದ್ದರು, ಬಬಲೇಶ್ವರದ ಕಡೆಯ ಜಮೀನುದಾರರು. ಬಾಯಲ್ಲಿ ಮೇಣದ ಮೇಲೆ ನಿಲ್ಲಿಸಿದ ಹಲ್ಲುಗಳನ್ನು ಹಾಕಿ ಅಳತೆ ನೋಡುತ್ತಿದ್ದರು. ಡಾಕ್ಟರು ಪ್ರಾಣಿಯನ್ನು ಅವರ ತೊಡೆಯ ಮೇಲೆ ಇಟ್ಟರು. “ನೋಡ್ರಿ ಗೌಡ್ರ, ನಮ್ಮ ಗೈಬೂ ಇಷ್ಟ ದಿನ ಹಲ್ಲ ಮಾಡ್ತಿದ್ದ. ಈಗ ಜೀವಾನ ಮಾಡಾಕ ಹತ್ಯಾನ.” ಬಸಗೊಂಡಪ್ಪ ಬೆಚ್ಚಿ ಕಾಲು ಎತ್ತಿದರು, ಆಮೇಲೆ ನಕ್ಕರು. ಅವರು ನಕ್ಕಾಗ ಕಂಡ ಹಲ್ಲುಗಳೆಲ್ಲ ಗೈಬುಸಾಬ ನಿನ್ನೆ ಒಂದೊಂದಾಗಿ ನಿಲ್ಲಿಸಿದವು. ಎಡಗಡೆಯ ಕೋರೆಹಲ್ಲು ಒಂದು ಕೂದಲಷ್ಟು ಮುಂದೆ ಬಂದಿದೆ, ಹಿಂದೆ ಸರಿಸಬೇಕು ಎಂದು ಅವನ ಕಣ್ಣು ಅಷ್ಟರಲ್ಲೇ ಲೆಕ್ಕ ಹಾಕಿತು. “ಇದೇನಪ್ಪಾ, ಉಡಾನೋ ಓತಿಕ್ಯಾತಾನೋ?” ಅಂದರು ಬಸಗೊಂಡಪ್ಪ, ಮೇಣದ ಬಾಯಿಯಿಂದ ಅಕ್ಷರಗಳು ಜಾರುತ್ತಿದ್ದವು.

“ಸುಮ್ಮ ಆಟಕ್ಕರಿ,” ಅಂದ ಗೈಬುಸಾಬ. ಅಂದು ನಕ್ಕ. ನಗು ತಾನಾಗಿ ಬಂತು, ಕೆಮ್ಮಿನ ಹಾಗೆ. ಡಾಕ್ಟರ ಕಣ್ಣು ಅವನ ಮುಖದ ಮೇಲೆ ಒಂದು ಕ್ಷಣ ನಿಂತು, ಏನೋ ಹೊಳೆದು, ಅತ್ತ ಹೋಯಿತು. ಹುಡುಗಿ ಹೇಳಿದ್ದು ಅವರಿಗೆ ನೆನಪಾಗಿತ್ತು. ಪ್ರಾಣಿಯನ್ನು ಅವರೇ ಎತ್ತಿಕೊಂಡು ಅವನ ಕೈಗೆ ಕೊಟ್ಟರು, ಬಹಳ ಜತನದಿಂದ, ಕೂಸನ್ನು ಕೊಡುವ ಹಾಗೆ. ಅದು ಇನ್ನೂ ಕೆಟ್ಟದಾಯಿತು.

“ಇವತ್ತ ರಜಾ ಬೇಕಾಗಿತ್ತರಿ ಸರ. ಬಬಲೇಶ್ವರಕ್ಕ ಹೋಗಿ ಬರ್‍ತೇನಿ.”

“ಹೋಗಿ ಬಾ, ಹೋಗಿ ಬಾ,” ಅಂದರು ಡಾಕ್ಟರು. ಗೌಡರ ಕೋರೆಹಲ್ಲು ಹಿಂದೆ ಸರಿಸಬೇಕೆಂದು ಹೇಳುವುದನ್ನು ಮರೆತು ಅವನು ಹೊರಬಿದ್ದ.

ಬಸ್ಸಿನಲ್ಲಿ ಕಿಟಕಿಯ ಪಕ್ಕದ ಜಾಗ ಸಿಕ್ಕಿತು. ಪ್ರಾಣಿಯನ್ನು ಹತ್ತಿಯಲ್ಲಿ ಸುತ್ತಿ, ಹಲ್ಲಿನ ಸೆಟ್ಟು ಒಯ್ಯುವ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯನ್ನು ಚೀಲದಲ್ಲಿ ಹಾಕಿ ತೊಡೆಯ ಮೇಲಿಟ್ಟುಕೊಂಡಿದ್ದ. ಊರು ದಾಟುವ ಮೊದಲು ಒಂದು ಗೋಡೆಯ ತುಂಬ ಕುಟುಂಬ ಯೋಜನೆಯ ಕೆಂಪು ತ್ರಿಕೋನ, ಅದರ ಕೆಳಗೆ ಗಂಡ ಹೆಂಡತಿ ಎರಡು ಮಕ್ಕಳ ಚಿತ್ರ. ಹೋದ ವರ್ಷದಿಂದ ಎಲ್ಲ ಗೋಡೆಗಳ ಮೇಲೂ ಅದೇ. ಬಣ್ಣ ಬಳಿದವನಿಗೆ ಮುಖ ಬರೆಯಲು ಬರುತ್ತಿರಲಿಲ್ಲ ಅಂತ ಕಾಣುತ್ತದೆ, ನಾಲ್ವರಿಗೂ ಒಂದೇ ಮುಖ. ಆಮೇಲೆ ಕಪ್ಪು ನೆಲ, ಜೋಳದ ತೆನೆ, ಕಡಲೆಯ ಹೊಲ. ಹೆಂಡತಿ ಅಬೇದಾಳಿಗೆ ಏನು ಹೇಳಬೇಕು ಎಂದು ಅವನು ಜೋಡಿಸಿಕೊಳ್ಳುತ್ತಿದ್ದ. ಮೊದಲು ಇದನ್ನು ತೋರಿಸಬೇಕು. ಆಮೇಲೆ ಕಾಲಿನ ಮಾತು ಕೇಳಬೇಕು. ಮಮದಾಪುರಕ್ಕೆ ಜೊತೆಗೆ ಹೋದವಳು ಅವಳೇ, ಅವಳಿಗೆ ಗೊತ್ತಿರಬಹುದು. ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದರೆ ಕಣ್ಣಾರೆ ನೋಡಿರಲೂಬಹುದು. ಹಾಗೆ ಯೋಚನೆ ಬಂದಾಗಲೆಲ್ಲ ಅವನು ಚೀಲವನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದ. ಅಬೇದಾ ನೋಡಿದ್ದರೆ ಅದು ಇತ್ತು. ಅದು ಇದ್ದಿದ್ದರೆ ನಕ್ಕವರೆಲ್ಲ ಸುಳ್ಳು. ಕಾಲೆಷ್ಟೆಂದು ಹೇಳಿದರೆ ಅಚ್ಚು ಒಡೆದು ಹೊಸದು ಮಾಡುತ್ತೇನೆ, ಡಬ್ಬದಲ್ಲಿ ಇನ್ನೂ ರಬ್ಬರಿದೆ. ಕೊನೆಗೆ, ಹೊರಡುವ ಹೊತ್ತಿಗೆ, ಮನೆಗೆ ಬಾ ಅನ್ನಬೇಕು. ಮಗಳ ನಲವತ್ತನೆಯ ದಿನದ ಫಾತಿಹಾ ಮುಗಿಸಿಕೊಂಡು ಬಬಲೇಶ್ವರದ ತಮ್ಮನ ಮನೆಗೆ ಹೋದವಳು ಮರಳಿರಲಿಲ್ಲ. ಜಗಳ ಆಗಿರಲಿಲ್ಲ. ಮೊದಮೊದಲು ಅವನು ತಿಂಗಳಿಗೊಮ್ಮೆ ಹೋಗಿ ನೋಡಿ ಬರುತ್ತಿದ್ದ. ಅವಳು ರೊಟ್ಟಿ ಬಡಿದು ಹಾಕುತ್ತಿದ್ದಳು, ಅವನು ಉಣ್ಣುತ್ತಿದ್ದ, ಬಸ್ಸಿನ ಹೊತ್ತಾಯಿತೆಂದು ಏಳುತ್ತಿದ್ದ. ಆಮೇಲೆ ಅದೂ ತಪ್ಪಿತ್ತು.

ಅಬೇದಾಳ ತಮ್ಮ ಮಲ್ಲಿಕಸಾಬನ ಮನೆಯ ಮುಂದಿನ ಕೋಣೆಯೇ ಅವನ ಹೊಲಿಗೆ ಅಂಗಡಿ. ಗೈಬುಸಾಬ ಹೊಸ್ತಿಲಲ್ಲಿ ನಿಂತಾಗ ಮಶೀನಿನ ಮುಂದೆ ಅಬೇದಾ ಕೂತಿದ್ದಳು. ಅವಳು ಹೊಲಿಯುವುದನ್ನು ಅವನು ಹಿಂದೆಂದೂ ನೋಡಿರಲಿಲ್ಲ. ಕಾಲು ತುಳಿಯುತ್ತಿತ್ತು, ಬಟ್ಟೆ ಸರಿಯುತ್ತಿತ್ತು, ಮುಖದಲ್ಲಿ ಒಂದು ನೆಮ್ಮದಿ. ಅವನನ್ನು ಕಂಡು ಗಾಲಿಯ ಮೇಲೆ ಅಂಗೈ ಇಟ್ಟು ನಿಲ್ಲಿಸಿದಳು. ನೆಮ್ಮದಿಯೂ ನಿಂತಿತು.

“ಬಂದ್ರೇನು. ಕೂಡ್ರಿ.”

ಮಲ್ಲಿಕಸಾಬ ಯಾರದೋ ಅಂಗಿಯ ತೋಳಿಗೆ ಗುಂಡುಸೂಜಿ ಚುಚ್ಚುತ್ತಿದ್ದ. ತುಟಿಗಳ ನಡುವೆ ಇನ್ನಷ್ಟು ಸೂಜಿ. ಅವುಗಳ ಸಂದಿಯಿಂದಲೇ “ಬರ್ರಿ ಭಾವಾ” ಅಂದು ಮತ್ತೆ ತೋಳಿಗೆ ಬಾಗಿದ. ಅವನ ಹೆಂಡತಿ ಚಹಾ ತಂದಿಟ್ಟು ಹಿತ್ತಲಿಗೆ ಹೋದಳು. ಅವರ ಕೂಸು, ಈಗ ಅಂಬೆಗಾಲಿಡುವಷ್ಟಾಗಿತ್ತು, ಕತ್ತರಿಸಿ ಬಿಟ್ಟ ಬಟ್ಟೆಯ ಚೂರುಗಳ ನಡುವೆ ಹರಿದಾಡುತ್ತ ಸಣ್ಣಗೆ ಅಳುತ್ತಿತ್ತು. “ಹಲ್ಲ ಬರಾಕತ್ಯಾವ, ಅದಕ್ಕ ಕಿರಿಕಿರಿ,” ಅಂದಳು ಅಬೇದಾ. ಅವಳು ಮಾತಾಡಿದ್ದು ಕೂಸಿನ ಕಡೆ ನೋಡುತ್ತ. ಗೈಬುಸಾಬ ಹಗ್ಗ ಹೆಣೆದ ಬಾಜಿನ ಮೇಲೆ ಕೂತು ಚಹಾ ಕುಡಿದ. ಕಪ್ಪೂ ಬಸಿಯೂ ಹೊಸವು, ಬೀಗರಿಗೆಂದು ಮೇಲೆ ಇಟ್ಟಿರುವಂಥವು. ಹಿಂದೆ ಬಂದಾಗ ಸ್ಟೀಲಿನ ಲೋಟದಲ್ಲಿ ಕೊಡುತ್ತಿದ್ದರು.

ಅವನು ಪೆಟ್ಟಿಗೆ ತೆಗೆದ. ಹತ್ತಿ ಬಿಚ್ಚಿ ಪ್ರಾಣಿಯನ್ನು ಬಾಜಿನ ಮೇಲೆ, ತನ್ನ ಪಕ್ಕದಲ್ಲಿ ನಿಲ್ಲಿಸಿದ. ಜೋಡಿಸಿಕೊಂಡು ಬಂದ ಮಾತುಗಳಲ್ಲಿ ಮೊದಲಿನದು ಯಾವುದೆಂದು ಹೊಳೆಯಲಿಲ್ಲ.

“ಇದೇನು?” ಅಂದಳು ಅಬೇದಾ.

“ಮದೀನಾ ನೋಡಿದ್ಲಲ್ಲ, ಕೆರ್‍ಯಾಗ. ಅದು.”

ಹೆಸರು ಕೇಳಿದ್ದೇ ಮಲ್ಲಿಕಸಾಬ ಸೂಜಿಗಳನ್ನು ಬಾಯಿಂದ ತೆಗೆದು ಅಂಗೈಯಲ್ಲಿ ಹಿಡಿದ. ಅಬೇದಾ ಎದ್ದು ಬರಲಿಲ್ಲ. ಇದ್ದಲ್ಲಿಂದಲೇ ನೋಡಿದಳು, ಯಾರೋ ತಂದ ಬಟ್ಟೆ ಎಷ್ಟು ಗಜವಿದೆಯೆಂದು ನೋಡುವ ಹಾಗೆ. ಬಹಳ ಹೊತ್ತು ನೋಡಿದಳು. ಅವನಿಗೆ ಅಷ್ಟೇ ಸಾಕಾಗಿ ಧೈರ್ಯ ಬಂತು. “ಬಣ್ಣ ಎಲ್ಲಾ ಬರೋಬರಿ ಅದಾವ. ಕಾಲಿಂದ ಮಾತ್ರ ನನಗ ನೆನಪಿಲ್ಲ. ನಾಕ ಅಂದಿದ್ಲೋ ಎರಡ ಅಂದಿದ್ಲೋ. ನಿನಗೇನರ ಹೇಳಿದ್ಲೇನು? ಆವತ್ತ ನೀನೂ ಕೆರಿಗೆ ಹೋಗಿದ್ದಿ?”

ಅವಳು ಬಾಯಿ ತೆರೆಯುವಷ್ಟರಲ್ಲಿ ಕೂಸಿನ ಅಳು ನಿಂತಿತು. ಬಾಜಿನ ಕಾಲು ಹಿಡಿದು ಎದ್ದು ನಿಂತು, ಕೈಗೆ ಸಿಕ್ಕಿದ್ದನ್ನು ಎಳೆದುಕೊಂಡು, ಪ್ರಾಣಿಯ ತಲೆಯನ್ನು ಪೂರ್ತಿ ಬಾಯೊಳಗೆ ಹಾಕಿಕೊಂಡಿತ್ತು. ವಸಡಿನಿಂದ ಕಚ್ಚುತ್ತಿತ್ತು, ಕಣ್ಣು ಅರೆಮುಚ್ಚಿ. ಜೊಲ್ಲು ಗದ್ದದಿಂದ ಹಸಿರು ಬೆನ್ನಿನ ಮೇಲೆ ಇಳಿಯುತ್ತಿತ್ತು. “ಅಲ್ನೋಡು, ಸುಮ್ಮನಾತು,” ಅಂದ ಮಲ್ಲಿಕಸಾಬ. ಅಬೇದಾಳ ಮುಖದಲ್ಲಿ ನಗುವಿನಂಥದ್ದು ಬಂತು. ಗೈಬುಸಾಬನಿಗೂ ಒಂದು ಗಳಿಗೆ ಏನೋ ಸಡಿಲಾಯಿತು. ಇಷ್ಟೆಲ್ಲ ಮಾಡಿದ್ದು ಕೊನೆಗೆ ಒಂದು ಕೂಸಿನ ಬಾಯಿಗೆ ಬಿತ್ತು, ಬೀಳಲಿ ಎಂದು ಅವನು ಅಂದುಕೊಳ್ಳುತ್ತಿದ್ದಾಗಲೇ ಕೂಸಿನ ತುಟಿಯ ಮೂಲೆ ಕೆಂಪಾಗಿದ್ದು ಕಂಡಿತು. ರಕ್ತವಲ್ಲ, ಜುಟ್ಟಿನ ಬಣ್ಣ. ಎತ್ತಿನ ಕೋಡಿಗೆ ಬಳಿಯುವ ಬಣ್ಣದ ಪುಡಿ ಅದು, ಕಿರಾಣಿ ಅಂಗಡಿಯಿಂದ ಪೊಟ್ಟಣ ಕಟ್ಟಿಸಿ ತಂದದ್ದು; ರಬ್ಬರಿನಲ್ಲಿ ಕಲಸಿದ್ದಷ್ಟೇ ಅಲ್ಲದೆ ಜುಟ್ಟು ಇನ್ನೂ ಕೆಂಪಾಗಲೆಂದು ಮೇಲಿಂದಲೂ ಸವರಿದ್ದ. ಅದು ಬಾಯಿಗೆ ಹೋಗಬಾರದ್ದು ಎಂದು ಅವನಿಗೆ ಗೊತ್ತಿತ್ತು. ಬಾಯಿಗೆ ಹೋಗುವ ವಸ್ತುವಿಗೆ ಏನು ಬೆರೆಸಬಹುದು ಏನು ಬೆರೆಸಬಾರದು ಎಂಬುದನ್ನೇ ಹದಿನೈದು ವರ್ಷ ಮಾಡಿದ್ದ. ಇದನ್ನು ಮಾಡುವಾಗ ಮಾತ್ರ ಇದು ಯಾವ ಬಾಯಿಗೂ ಅಲ್ಲ ಅಂದುಕೊಂಡಿದ್ದ.

ಒಮ್ಮೆಲೇ ಬಾಗಿ ಕಸಿದುಕೊಂಡ. ಕೂಸು ಬಿಡಲಿಲ್ಲ, ಎಳೆದಾಗ ಜುಟ್ಟು ಕಿತ್ತು ಬಾಯಲ್ಲೇ ಉಳಿಯಿತು. ಅವನು ಕೂಸಿನ ದವಡೆ ಒತ್ತಿ ಹಿಡಿದು ಬೆರಳು ಒಳಗೆ ಹಾಕಿ, ನಾಲಿಗೆಯ ಹಿಂದಿನಿಂದ ಆ ಚೂರನ್ನು ಎತ್ತಿ ಹೊರತೆಗೆದ. ಕೂಸು ಉಸಿರು ಕಟ್ಟಿ, ಮುಖ ಕಪ್ಪಾಗಿ, ಆಮೇಲೆ ಮನೆ ಹಾರಿಹೋಗುವ ಹಾಗೆ ಚೀರಿತು. ತಾಯಿ ಹಿತ್ತಲಿಂದ ಒದ್ದೆ ಕೈಯಲ್ಲಿ ಓಡಿ ಬಂದು ಎತ್ತಿಕೊಂಡಳು. “ಏನ ಮಾಡಿದ್ರಿ ಕೂಸಿಗೆ?”

“ನೀರ ತಗೊಂಬಾ, ಬಾಯಿ ತೊಳೀರಿ ಮೊದಲ,” ಅಂದ ಗೈಬುಸಾಬ. “ಬಣ್ಣ ಐತಿ ಅದರಾಗ.”

“ಎಂಥಾ ಬಣ್ಣ?”

“ಎತ್ತಿನ ಕೋಡಿಂದು.”

ಅಬೇದಾ ತಂಬಿಗೆ ತಂದಳು, ತಾಯಿ ಸೆರಗಿನ ತುದಿ ನೆನೆಸಿ ಕೂಸಿನ ವಸಡು, ನಾಲಿಗೆ, ತುಟಿ ಒರೆಸಿದಳು, ಮತ್ತೆ ಮತ್ತೆ ಒರೆಸಿದಳು, ಬಟ್ಟೆ ಕೆಂಪಾಗುವುದು ನಿಂತ ಮೇಲೂ ಒರೆಸಿದಳು. ಕೂಸು ಬಿಕ್ಕಿ ಬಿಕ್ಕಿ ಹಾಲಿಗೆ ಬಾಯಿ ಹಾಕಿತು. ಏನೂ ಆಗುವುದಿಲ್ಲ, ಒಳಗೆ ಹೋಗಿಲ್ಲ ಎಂದು ಗೈಬುಸಾಬ ಎರಡು ಮೂರು ಸಲ ಹೇಳಿದ. ತನ್ನ ದನಿ ದವಾಖಾನೆಯ ದನಿಯಾಗಿರುವುದು ಅವನಿಗೇ ಕೇಳಿಸಿತು. ಮಲ್ಲಿಕಸಾಬ ಅಂಗೈಯಲ್ಲಿದ್ದ ಸೂಜಿಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕುತ್ತ, ದನಿ ಏರಿಸದೆ ಅಂದ: “ಸಣ್ಣ ಕೂಸಿನ ಮನಿ ಅನ್ನೂದರ ಗೊತ್ತಿತ್ತಲ್ಲ ಭಾವಾ. ನಮ್ಮ ಮನ್ಯಾಗ ಒಂದ ಐತಿ.” ಒಂದು ಎಂಬ ಮಾತಿನ ಮೇಲೆ ಅವನು ಭಾರ ಹಾಕಲಿಲ್ಲ. ಹಾಕದಿದ್ದರೂ ಅದು ಕೋಣೆಯ ನಡುವೆ ಬಿದ್ದಿತು, ಯಾರೂ ಎತ್ತಿಕೊಳ್ಳಲಿಲ್ಲ. ಮಲ್ಲಿಕಸಾಬನ ಹೆಂಡತಿ ಬಾಜಿನ ಮೇಲಿದ್ದ ಪ್ರಾಣಿಯನ್ನು ಕಾಲು ಹಿಡಿದು ಎತ್ತಿ, ಕೂಸನ್ನು ಕಂಕುಳಲ್ಲಿಟ್ಟುಕೊಂಡೇ ಹಿತ್ತಲ ಬಾಗಿಲಿಗೆ ಹೋಗಿ ಆಚೆ ಒಗೆದಳು. ತಿಪ್ಪೆಯ ಮೇಲೆ ಹಸಿರು ಬೆನ್ನು ಕಂಡಿತು. ಒಂದು ಕೋಳಿ ಬಂದು ಕುಕ್ಕಿ ನೋಡಿ ಬಿಟ್ಟು ಹೋಯಿತು. ಆ ರಬ್ಬರು ಕೊಳೆಯುವುದಿಲ್ಲ, ಒಮ್ಮೆ ಬಿಗಿದ ಮೇಲೆ ಮೇಣದಂತೆ ಕರಗಿಸಿ ಬೇರೆ ಮಾಡಲೂ ಬರುವುದಿಲ್ಲ. ತಿಪ್ಪೆಯ ಜೊತೆ ಯಾವುದೋ ಹೊಲಕ್ಕೆ ಹೋಗುತ್ತದೆ, ಅಲ್ಲಿ ನೇಗಿಲಿಗೆ ಸಿಗುತ್ತದೆ. ಎದ್ದು ಹೋಗಿ ತರಬೇಕು ಅಂತ ಅವನಿಗೆ ಅನಿಸಿತು. ಎಲ್ಲರ ಎದುರಿಗೆ ಹಿತ್ತಲು ದಾಟಿ ತಿಪ್ಪೆಗೆ ಬಾಗುವುದು ಆಗಲಿಲ್ಲ.

“ನಾ ಬರ್‍ತೇನಿ,” ಅಂದ.

ಉಂಡು ಹೋಗಿರಿ ಅಂತ ಯಾರೂ ಅನ್ನಲಿಲ್ಲ. ಅಬೇದಾ ಸೆರಗು ತಲೆಗೆ ಹೊದ್ದು ಚಪ್ಪಲಿ ಮೆಟ್ಟಿದಳು. ಬಸ್ ನಿಲ್ಲುವ ಬೇವಿನ ಗಿಡದವರೆಗೂ ಅವನಿಗಿಂತ ಒಂದು ಹೆಜ್ಜೆ ಹಿಂದೆ ಬಂದಳು, ಮದುವೆಯಾದ ಹೊಸದರಲ್ಲಿ ಬರುತ್ತಿದ್ದ ಹಾಗೆ. ವಿಜಾಪುರದ ಬಸ್ಸು ಈಗಷ್ಟೇ ಹೋಯಿತು, ಇನ್ನೇನಿದ್ದರೂ ಟಿಕೋಟಾಕ್ಕೆ ಹೋಗಿ ಅಲ್ಲಿ ಬದಲಿಸಬೇಕು ಎಂದು ಪಾನಪಟ್ಟಿ ಅಂಗಡಿಯವನು ಹೇಳಿದ. ಅವರು ಗಿಡದ ನೆರಳಿಗೆ ನಿಂತರು.

“ಕಾಲೆಷ್ಟಂತ ಕೇಳಿದ್ರಿ,” ಅಂದಳು ಅಬೇದಾ.

“ಹೌದು.”

“ನನಗ ಹೇಳಿಲ್ಲಾಕಿ. ಕೆರಿಗೆ ನಾ ಹೋಗಿದ್ದಿಲ್ಲ, ಹುಡುಗ್ಯಾರ ಕೂಡ ಹೋಗಿದ್ಲು. ದವಾಖಾನಿಂದ ಬಂದಮ್ಯಾಲ ನಾನ ಕೇಳಿದ್ನಿ, ಏನ ನೋಡಿದ್ದೆವ್ವಾ ಅಂತ. ಇನ್ನ ಯಾರಿಗೂ ಹೇಳೂದಿಲ್ಲ ಅಂದ್ಲು.”

ಗೈಬುಸಾಬ ಗಿಡದ ಬೊಡ್ಡೆಗೆ ಕೈ ಕೊಟ್ಟ. ಈ ಮಾತು ಎಲ್ಲೋ ಇದೆ, ಎಂದಾದರೂ ತನಗೆ ಸಿಗುತ್ತದೆ ಎಂದು ಅವನಿಗೆ ಗೊತ್ತಿತ್ತೇನೋ. ಸಿಕ್ಕ ಮೇಲೆ ಎದೆಯಲ್ಲಿ ನೋವಿನ ಜೊತೆಗೆ ಒಂದು ಸಮಾಧಾನವೂ ಎದ್ದಿತು, ಕೆಟ್ಟ ಸಮಾಧಾನ. “ಭಾಳ ಅತ್ತಳೇನು?”

“ಯಾಕ ಅಳ್ತಾಳ?” ಅಬೇದಾ ಅವನನ್ನು ಮೊದಲ ಸಲ ನೇರ ನೋಡಿದಳು. “ಹಲ್ಲ ಕಿತ್ತಿತ್ತು. ಬಾಯಾಗ ಹತ್ತಿ ಇತ್ತು. ಚುರಮರಿ ಬೇಕಂತ ಹಟಾ ಮಾಡಿದ್ಲು, ಹತ್ತಿ ತಗದ ಕೊಟ್ನಿ. ತಿಂದು ಮಲಗಿದ್ಲು. ಮರುದಿನ ಮತ್ತ ಆ ಮಾತ ತಗೀಲಿಲ್ಲ. ನೆನಪರ ಇತ್ತೋ ಇಲ್ಲೋ ಯಾರಿಗೆ ಗೊತ್ತು. ಸಣ್ಣವ್ರು ಎಷ್ಟೋ ಹೇಳ್ತಾವ.”

ಅವನು ಇಷ್ಟು ದಿನ ಆ ನಗುವನ್ನು ಹೊಟ್ಟೆಯೊಳಗೆ ಇಟ್ಟುಕೊಂಡು ಓಡಾಡಿದ್ದ. ಅದರ ಜೊತೆ ಉಂಡಿದ್ದ, ಮಲಗಿದ್ದ. ಮಗಳಿಗೂ ತನಗೂ ನಡುವೆ ಉಳಿದದ್ದು ಅದೊಂದೇ ಅಂದುಕೊಂಡಿದ್ದ. ಅವಳು ಚುರಮರಿ ತಿಂದು ಮಲಗಿದ್ದಳು. ಅವಳು ಮರೆತಿದ್ದರೆ ಕ್ಷಮಿಸುವವರು ಯಾರು. ಕ್ಷಮಿಸುವಂಥದ್ದು ಏನೂ ಆಗಿರಲೇ ಇಲ್ಲವೆಂದಾದರೆ ಇಷ್ಟು ದಿನ ತನ್ನ ಜೊತೆ ಇದ್ದದ್ದು ಯಾರು. ರಸ್ತೆಯ ಆಚೆ ಒಬ್ಬ ಎಮ್ಮೆಗಳನ್ನು ಹೊಡೆದುಕೊಂಡು ಹೋಗುತ್ತಿದ್ದ, ಅವುಗಳ ಬೆನ್ನಿನ ಮೇಲೆ ಒಣಗಿದ ಕೆಸರು ಬಿರುಕು ಬಿಟ್ಟಿತ್ತು. ಅದನ್ನು ಕೊನೆಯ ಎಮ್ಮೆ ಹೋಗುವವರೆಗೂ ನೋಡಿದ.

“ಮನೀಗೆ ಬಾ,” ಅಂದ.

“ನಾ ಬರೂದಿಲ್ರಿ.” ಅವಳು ತಯಾರು ಮಾಡಿಕೊಂಡಿದ್ದ ಮಾತಲ್ಲ ಅದು, ಎಂದೋ ಮುಗಿದದ್ದನ್ನು ಹೇಳಿದ ಹಾಗಿತ್ತು. “ಆ ಮನ್ಯಾಗ ನನಗ ಆಕಿ ಕೆಮ್ಮ ಕೇಳಸ್ತೈತಿ. ಇಲ್ಲಿ ಮಶೀನಿನ ಸಪ್ಪಳ, ಕೂಸಿನ ಸಪ್ಪಳ. ಇಲ್ಲೇ ಇರ್‍ತೇನಿ. ಜಮಾತಿನವರ ಮುಂದ ಮಲ್ಲಿಕ ಬಿಡುಗಡಿ ಮಾತ ತಗೀತಾನ. ಅವರು ಕರದಾಗ ನೀವು ಬರ್ರಿ. ಮತ್ತ ಯಾರನರ ನೋಡ್ಕೋರಿ. ನಿಮಗೇನ ವಯಸ್ಸಾಗಿಲ್ಲ.”

“ನನ್ನ ಮ್ಯಾಲ ಸಿಟ್ಟೇನು?”

ಅಬೇದಾ ಯೋಚಿಸಿದಳು. ಪ್ರಾಮಾಣಿಕವಾಗಿಯೇ ಹುಡುಕಿದಳು ಅನಿಸಿತು. “ಇಲ್ಲ,” ಅಂದಳು. “ಇದ್ದಿದ್ರ ಬರ್‍ತಿದ್ನಿ.”

ಟಿಕೋಟಾದ ಬಸ್ಸು ಧೂಳೆಬ್ಬಿಸಿಕೊಂಡು ಬಂತು. ಅವಳು ಮೂಗಿಗೆ ಸೆರಗು ಹಿಡಿದು ಹಿಂದೆ ಸರಿದಳು. ಅವನು ಹತ್ತಿ ಕೂತು ಹೊರಗೆ ನೋಡುವಷ್ಟರಲ್ಲಿ ಅವಳು ತಿರುಗಿ ನಡೆದಾಗಿತ್ತು, ನಡಿಗೆ ಚುರುಕಾಗಿತ್ತು, ಅರ್ಧಕ್ಕೆ ನಿಂತ ಹೊಲಿಗೆಯ ಕಡೆಗೆ.

ಪಕ್ಕದಲ್ಲಿ ಒಬ್ಬಳು ಮುದುಕಿ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಬುಟ್ಟಿಯಲ್ಲಿ ಹಸಿ ಕಡಲೆಯ ಗಿಡಗಳ ಸಿವುಡು. ಕಂಡಕ್ಟರ್ “ಮುದುಕವ್ವಾ, ಇವತ್ತರ ಚೀಟಿ ತಗೀತೀಯೇನ ಇಲ್ಲೋ” ಅಂದ, ಪರಿಚಯದವನ ಸಲಿಗೆಯಲ್ಲಿ. ಅವಳು ಅವನನ್ನು ಬೈದು, ಗಂಟು ಬಿಚ್ಚಿ, ಚೀಟಿ ತೆಗೆದುಕೊಂಡು, ಆಮೇಲೆ ಗೈಬುಸಾಬನ ಕಡೆ ತಿರುಗಿದಳು. ಯಾವೂರು, ಯಾರ ಪೈಕಿ, ಎಲ್ಲಿಗೆ ಬಂದಿದ್ದೆ ಎಂದೆಲ್ಲ ಕೇಳಿದಳು. ಅವನು ಹೇಳಿದ. ಹಲ್ಲು ಮಾಡುತ್ತೇನೆ ಅಂದಾಗ ತನ್ನ ಬೋಳು ವಸಡು ತೋರಿಸಿ, ನನಗ ಇನ್ನ ಯಾಕಪ್ಪಾ ಅಂದಳು.

“ಮಕ್ಕಳೆಷ್ಟ ಯಪ್ಪಾ ನಿನಗ?”

ಇಲ್ಲ ಅನ್ನಲು ಬಾಯಿ ತೆರೆದ. “ಒಬ್ಬಾಕಿ ಮಗಳು,” ಅಂದ.

“ಸಾಲಿಗೆ ಹೋಗ್ತಾಳೇನು?”

“ಹೋಗ್ತಾಳ. ಮೂರನೇ ಇಯತ್ತೆ.” ಇದ್ದಿದ್ದರೆ ಮೂರನೆಯದೇ ಆಗುತ್ತಿತ್ತು. ಆ ಲೆಕ್ಕ ತಲೆಯಲ್ಲಿ ಇದ್ದದ್ದು ಅವನಿಗೇ ಗೊತ್ತಿರಲಿಲ್ಲ.

“ಶ್ಯಾಣ್ಯಾ ಅದಾಳೇನು?”

“ಲೆಕ್ಕದಾಗ ಭಾಳ ಶ್ಯಾಣ್ಯಾ. ಬಾಯಿಲೇ ಹೇಳ್ತಾಳ.” ಅವಳಿಗೆ ಲೆಕ್ಕ ಬರುತ್ತಿತ್ತೋ ಇಲ್ಲವೋ ಅವನು ಎಂದೂ ಕೇಳಿರಲಿಲ್ಲ. “ಕೂದಲ ಉದ್ದಕ ಬಂದಾವ. ದಿನಾ ಮುಂಜಾನೆ ಹೆಣಲ ಹಾಕಸ್ಕೊಳ್ಳಾಕ ಅವ್ವನ ಕೂಡ ಜಗಳಾ.” ಮಾತು ಸಲೀಸಾಗಿ ಬರುತ್ತಿತ್ತು, ತಡವರಿಸದೆ, ಒಂದರ ಹಿಂದೊಂದು. ಮುದುಕಿ ತಲೆ ಆಡಿಸುತ್ತಿದ್ದಳು. ಅವಳ ಮುಖದಲ್ಲಿ ಒಂದಿಷ್ಟೂ ಸಂಶಯವಿರಲಿಲ್ಲ. ಹೆಣ್ಣುಮಕ್ಕಳು ಹಂಗ ನೋಡು, ನಮ್ಮ ಮೊಮ್ಮಗಳೂ ಹಂಗ ಮಾಡ್ತಾಳ ಅಂದಳು. ಟಿಕೋಟಾ ಇನ್ನೂ ದೂರವಿರುವಾಗ ಹೊಲದ ಬದುವಿನಲ್ಲಿ ಬಸ್ಸು ನಿಲ್ಲಿಸಲು ಹೇಳಿದಳು. ಎದ್ದು ನಿಂತು, ಬುಟ್ಟಿಯಿಂದ ಕಡಲೆಯ ಒಂದು ಹಿಡಿ ಮುರಿದು ಅವನ ಖಾಲಿ ಚೀಲಕ್ಕೆ ಹಾಕಿದಳು. “ಹುಡಿಗೀಗೆ ಕೊಡು. ಸುಟಗೊಂಡ ತಿನ್ಲಿ. ಮುದುಕವ್ವ ಕೊಟ್ಲು ಅಂತ ಹೇಳು.”

“ಹೇಳ್ತೇನಿ,” ಅಂದ ಗೈಬುಸಾಬ.

ಟಿಕೋಟಾದಲ್ಲಿ ವಿಜಾಪುರದ ಬಸ್ಸು ಸಿಗುವಷ್ಟರಲ್ಲಿ ಬಿಸಿಲು ಇಳಿದಿತ್ತು. ಈ ಸಲ ಪಕ್ಕದಲ್ಲಿ ಕೂತವನು ಕಚೇರಿಯ ನೌಕರನಂತಿದ್ದ, ಕೈಯಲ್ಲಿ ಮಡಚಿದ ಪತ್ರಿಕೆ. ಅವನು ಏನೂ ಕೇಳಲಿಲ್ಲ. ಬಸ್ಸು ಊರು ದಾಟಿತು, ಕಪ್ಪು ನೆಲ ಎರಡೂ ಕಡೆ ಶುರುವಾಯಿತು. ಗೈಬುಸಾಬ ಅವನು ತನ್ನ ಕಡೆ ತಿರುಗಲೆಂದು ಕಾದ, ಒಂದೆರಡು ಸಲ ಗಂಟಲು ಸರಿಮಾಡಿಕೊಂಡ. ಅವನು ಪತ್ರಿಕೆ ಬಿಚ್ಚಲು ಹೋದ.

“ನನಗೊಬ್ಬಾಕಿ ಮಗಳದಾಳ್ರಿ,” ಅಂದ ಗೈಬುಸಾಬ.